ಚಮಚದ ಬೆನ್ನು ಓದುವ ಬಗೆ: ಮನೆಯ ಡಬ್ಬದಲ್ಲಿರುವ ಹಳೆ ಬೆಳ್ಳಿಗೆ ಒಂದು ಕೈಪಿಡಿ

ನಮ್ಮ ಮನೆಯಲ್ಲಿ ಎಂಟು ಬೆಳ್ಳಿ ಚಮಚಗಳಿದ್ದವು. ಈಗ ಆರಿವೆ. ಮುಂಬಯಿಯ ಫೋರ್ಟಿನ ಪಾರ್ಸಿ ಕುಟುಂಬವೊಂದಕ್ಕೆ ಮೂವತ್ತು ವರ್ಷ ಲೆಕ್ಕ ಬರೆದ ನಮ್ಮ ದೊಡ್ಡಪ್ಪ ಕೆಲಸ ಬಿಡುವಾಗ ಆ ಮನೆಯ ಯಜಮಾನಿ ಹಳೆ ಪೇಪರಿನಲ್ಲಿ ಸುತ್ತಿ ಕೊಟ್ಟವು ಅವು. ಮಾಟುಂಗದ ನಮ್ಮ ಮನೆಯಲ್ಲಿ ರಬ್ಬರ್ ಬ್ಯಾಂಡ್ ಹಾಕಿಸಿಕೊಂಡು ಬಿಸ್ಕತ್ತಿನ ಡಬ್ಬದೊಳಗೆ ಮಲಗಿರುತ್ತಿದ್ದವು. ಯಾರದಾದರೂ ಮಗುವಿಗೆ ಅನ್ನಪ್ರಾಶನ ಎಂದಾಗ ಒಂದು ಹೊರಗೆ ಬರುತ್ತಿತ್ತು, ಪಾಯಸ ಮುಗಿದ ಮೇಲೆ ಮತ್ತೆ ಒಳಗೆ.

ಮಗಳಿಗೆ ಗೆಜ್ಜೆ ಮಾಡಿಸಬೇಕೆಂದು ಅವುಗಳಲ್ಲಿ ಭಾರವಾಗಿ ಕಂಡ ಎರಡನ್ನು ನಾನು ಜವೇರಿ ಬಜಾರಿನ ಒಂದು ಅಂಗಡಿಗೆ ಒಯ್ದೆ. ಅಂಗಡಿಯಾತ ಚಮಚವನ್ನು ಮಗುಚಿ, ಹಿಡಿಯ ಹಿಂಬದಿಯನ್ನು ಕಣ್ಣಿಗೆ ಹತ್ತಿರ ತಂದು ಒಂದು ಗಳಿಗೆ ನೋಡಿದ. ಆಮೇಲೆ "ಟಂಚ್ ಕಮ್ ಹೈ, ವಜನ್ ಪೇ ಲೇಂಗೆ" (ಶುದ್ಧತೆ ಕಡಿಮೆ, ತೂಕದ ಲೆಕ್ಕಕ್ಕೆ ತೆಗೆದುಕೊಳ್ಳುತ್ತೇವೆ) ಎಂದು ತಕ್ಕಡಿಗೆ ಹಾಕಿದ. ಆ ಒಂದು ಗಳಿಗೆಯಲ್ಲಿ ಆತ ಏನನ್ನು ಓದಿದ ಎನ್ನುವುದು ನನಗೆ ಗೊತ್ತಾಗಲು ಹನ್ನೆರಡು ವರ್ಷ ಬೇಕಾಯಿತು. ಉಳಿದ ಆರರಲ್ಲಿ ಐದು ಬೆಳ್ಳಿಯೇ ಅಲ್ಲ. ಆರನೆಯದು 1807ರಲ್ಲಿ ಲಂಡನ್ನಿನಲ್ಲಿ ಶುದ್ಧತೆಯ ಮುದ್ರೆ ಹಾಕಿಸಿಕೊಂಡದ್ದು. ಹೋದ ಎರಡೂ ಅದರ ಜೊತೆಯವೇ.

ಹಾಗಾಗಿ ಮುಂದೆ ಬರೆದಿರುವುದೆಲ್ಲ ನಾನು ದುಡ್ಡು ಕೊಟ್ಟು ಕಲಿತದ್ದು ಎಂದೇ ಇಟ್ಟುಕೊಳ್ಳಿ.

ಮೊದಲು ತಿಕ್ಕುವುದನ್ನು ನಿಲ್ಲಿಸಿ

ಹಳೆ ಬೆಳ್ಳಿ ಕೈಗೆ ಸಿಕ್ಕ ಕೂಡಲೇ ವಿಭೂತಿಯೋ ಟೂತ್‌ಪೇಸ್ಟೋ ಹಚ್ಚಿ ಫಳಫಳ ಮಾಡುವುದು ನಮ್ಮ ಮನೆಗಳ ಅಭ್ಯಾಸ. ಹಬ್ಬದ ದೀಪಕ್ಕೆ ಅದು ಸರಿ, ಗುರುತು ಹುಡುಕಬೇಕಾದ ಚಮಚಕ್ಕೆ ಬೇಡ. ಮುದ್ರೆಯ ತಗ್ಗಿನಲ್ಲಿ ಕೂತ ಕಪ್ಪೇ ಅಕ್ಷರವನ್ನು ಎದ್ದು ಕಾಣಿಸುವುದು. ಜೊತೆಗೆ ಪ್ರತಿ ಸಲ ತಿಕ್ಕಿದಾಗಲೂ ಕೂದಲೆಳೆಯಷ್ಟು ಬೆಳ್ಳಿ ಹೋಗುತ್ತದೆ. ಇನ್ನೂರು ವರ್ಷ ಆಳುಕಾಳುಗಳ ಕೈಯಲ್ಲಿ ತಿಕ್ಕಿಸಿಕೊಂಡ ಚಮಚದಲ್ಲಿ ಮುದ್ರೆ ಅರ್ಧ ಅಳಿಸಿರುವುದು ಇದೇ ಕಾರಣಕ್ಕೆ. ಉಗುರುಬೆಚ್ಚಗಿನ ನೀರು, ಎರಡು ಹನಿ ಪಾತ್ರೆ ತೊಳೆಯುವ ಸೋಪು, ಒರೆಸಲು ಹಳೆ ಪಂಚೆಯ ತುಂಡು: ಸದ್ಯಕ್ಕೆ ಇಷ್ಟು ಸಾಕು.

ಬೆನ್ನು ಮೇಲೆ ಮಾಡಿ, ಬೆಳಕು ಅಡ್ಡ ಹಿಡಿಯಿರಿ

ಗುರುತುಗಳು ಹೆಚ್ಚಾಗಿ ಹಿಡಿಯ ಹಿಂಬದಿಯಲ್ಲೇ ಇರುತ್ತವೆ. ನೆತ್ತಿಯ ಮೇಲಿನ ಟ್ಯೂಬ್‌ಲೈಟಿನಲ್ಲಿ ಏನೂ ಕಾಣುವುದಿಲ್ಲ, ಬೆಳ್ಳಿ ಬರೀ ಹೊಳೆಯುತ್ತದೆ. ಸಂಜೆ ನಾಲ್ಕರ ಬಿಸಿಲು ಕಿಟಕಿಯಿಂದ ಓರೆಯಾಗಿ ಬೀಳುವಾಗ ನೋಡಿ. ಇಲ್ಲವೇ ಕೋಣೆ ಕತ್ತಲು ಮಾಡಿ ಮೊಬೈಲಿನ ಟಾರ್ಚನ್ನು ಮೇಜಿಗೆ ತಾಗುವಷ್ಟು ಕೆಳಗೆ, ಅಡ್ಡಲಾಗಿ ಹಿಡಿಯಿರಿ. ಮುದ್ರೆಯ ಮೇಲೆ "ಹಾ" ಎಂದು ಉಸಿರು ಬಿಟ್ಟರೆ ಮಂಜು ಹಿಡಿದು ಹೊಳಪು ಅಡಗುತ್ತದೆ. ಆ ಎರಡು ಸೆಕೆಂಡಿನಲ್ಲಿ ಅಳಿದ ಗೆರೆಯೂ ಮೇಲೆದ್ದು ಬರುತ್ತದೆ. ಅಕ್ಕಸಾಲಿಗರು ಬಳಸುವ ಹತ್ತು ಪಟ್ಟಿನ ಭೂತಗನ್ನಡಿ ಒಂದಿರಲಿ.

ಅಷ್ಟಕ್ಕೂ ಕಾಣದಿದ್ದರೆ ನಮ್ಮ ಅಜ್ಜಿಯರು ಕಾಡಿಗೆ ಹಿಡಿಯುತ್ತಿದ್ದ ವಿದ್ಯೆಯೇ ಗತಿ. ಮೇಣದಬತ್ತಿಯ ಹೊಗೆಗೆ ಮುದ್ರೆಯ ಜಾಗವನ್ನು ಒಂದೆರಡು ಕ್ಷಣ ಒಡ್ಡಿ. ಮಸಿ ತೆಳ್ಳಗೆ ಕೂತ ಮೇಲೆ, ಚಮಚ ತಣ್ಣಗಾದ ಮೇಲೆ, ಪಾರದರ್ಶಕ ಟೇಪನ್ನು ಮೆತ್ತಗೆ ಒತ್ತಿ ಎತ್ತಿ ಬಿಳಿ ಹಾಳೆಗೆ ಅಂಟಿಸಿ. ಲೋಹದ ಮೇಲೆ ಕಾಣದ ಮುದ್ರೆಯ ಸಿಂಹ ಹಾಳೆಯ ಮೇಲೆ ಬಂದು ನಿಂತಿರುತ್ತದೆ. ನಮ್ಮ ಚಮಚದ ಅಕ್ಷರ ನನಗೆ ಓದಲು ಸಿಕ್ಕಿದ್ದೇ ಹೀಗೆ, ಕರೆಂಟು ಹೋದ ಒಂದು ಸಂಜೆ.

ಮುದ್ರೆ ಹಿಡಿಯ ಯಾವ ಭಾಗದಲ್ಲಿದೆ ಎಂಬುದನ್ನೂ ಗುರುತು ಹಾಕಿಕೊಳ್ಳಿ. ಬಟ್ಟಲಿಗೆ ಹತ್ತಿರ, ಹಿಡಿ ಕಿರಿದಾಗುವ ಕಡೆ ಒತ್ತಿದ್ದರೆ ಇಂಗ್ಲಿಷ್ ಚಮಚ ಸುಮಾರು 1780ಕ್ಕಿಂತ ಹಿಂದಿನದು. ಹಿಡಿಯ ಅಗಲವಾದ ತುದಿಯ ಕಡೆಗಿದ್ದರೆ ಅದರ ನಂತರದ್ದು.

ಬೆಳ್ಳಿಯೋ, ಬೆಳ್ಳಿ ನೀರೋ?

ಬೆಳ್ಳಗಿರುವುದೆಲ್ಲ ಹಾಲಲ್ಲ. ಮುಂಬಯಿಯ ಹಳೆ ಮನೆಗಳಲ್ಲಿ ಸಿಗುವ "ಬೆಳ್ಳಿ" ಚಮಚಗಳ ಬಹುಪಾಲು ಇಪಿಎನ್‌ಎಸ್. ಅಂದರೆ ತಾಮ್ರ, ನಿಕ್ಕಲ್, ಸತು ಸೇರಿಸಿದ ಲೋಹದ ಮೇಲೆ ವಿದ್ಯುತ್ತಿನಿಂದ ಬೆಳ್ಳಿ ನೀರು ಕೂರಿಸಿದ್ದು. ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್ಟನ್ ಕಂಪನಿ ಈ ವಿಧಾನಕ್ಕೆ 1840ರಲ್ಲಿ ಪೇಟೆಂಟ್ ಪಡೆಯಿತು. ಅಲ್ಲಿಂದ ಮುಂದೆ ಕ್ಲಬ್ಬು, ರೈಲು, ಹಡಗು, ಹೋಟೆಲು ಎಲ್ಲ ಕಡೆ ಇದೇ. ಒಳಗಿನ ಲೋಹಕ್ಕೆ ಬಜಾರಿನಲ್ಲಿ ಜರ್ಮನ್ ಸಿಲ್ವರ್ ಎಂದು ಹೆಸರು. ಅದರಲ್ಲಿ ಬೆಳ್ಳಿ ಒಂದು ಗುಲಗಂಜಿಯಷ್ಟೂ ಇರುವುದಿಲ್ಲ.

ಮೋಸ ಹೋಗುವುದು ಎಲ್ಲಿ ಎಂದರೆ, ಈ ತಯಾರಕರು ಇ, ಪಿ, ಎನ್, ಎಸ್ ಅಕ್ಷರಗಳನ್ನು ಬೇರೆಬೇರೆ ಗುರಾಣಿಯಾಕಾರದ ಚೌಕಟ್ಟಿನೊಳಗೆ, ಬಳುಕು ಅಕ್ಷರದಲ್ಲಿ ಸಾಲಾಗಿ ಒತ್ತುತ್ತಿದ್ದರು. ದೂರದಿಂದ ನೋಡಿದರೆ ಅಸಲಿ ಹಾಲ್‌ಮಾರ್ಕಿನ, ಅಂದರೆ ಶುದ್ಧತೆ ಪರೀಕ್ಷಿಸಿ ಒತ್ತಿದ ಮುದ್ರೆಗಳ, ಸಾಲಿನಂತೆಯೇ ಕಾಣುತ್ತದೆ. ನಮ್ಮ ಐದು ಚಮಚಗಳ ಮೇಲಿದ್ದದ್ದು ಇದೇ. ಅದನ್ನು ಯಾವುದೋ ರಾಜಮನೆತನದ ಲಾಂಛನ ಎಂದು ದೊಡ್ಡಪ್ಪ ಕೊನೆಯವರೆಗೂ ನಂಬಿದ್ದರು. "ಎ1" ಎಂದಿದ್ದರೆ ಅದು ಲೇಪದ ದರ್ಜೆ. ಯುರೋಪಿನ ಚಮಚಗಳ ಮೇಲೆ ಬರೀ 90 ಅಥವಾ 100 ಇದ್ದರೆ ಅದು ಬೆಳ್ಳಿಯ ಶುದ್ಧತೆಯಲ್ಲ, ಇಡೀ ಸೆಟ್ಟಿನ ಲೇಪಕ್ಕೆ ಎಷ್ಟು ಗ್ರಾಂ ಬೆಳ್ಳಿ ಬಳಸಿದರು ಎಂಬ ಲೆಕ್ಕ. "ಅಲ್ಪಾಕಾ" ಎಂದಿದ್ದರೂ ಜರ್ಮನ್ ಸಿಲ್ವರೇ.

ಸವೆತವೂ ಸತ್ಯ ಹೇಳುತ್ತದೆ. ಚಮಚವನ್ನು ಮೇಜಿನ ಮೇಲಿಟ್ಟರೆ ಬಟ್ಟಲಿನ ಬೆನ್ನು ತಾಗುವ ಜಾಗ ಮತ್ತು ಬಟ್ಟಲಿನ ತುದಿ ಮೊದಲು ಸವೆಯುತ್ತವೆ. ಅಲ್ಲಿ ಮಾಸಲು ಹಳದಿಯೋ ತಾಮ್ರದ ಕೆಂಪೋ ಇಣುಕಿದರೆ ಲೇಪ ಎಂದು ತಿಳಿಯಿರಿ. ಘನ ಬೆಳ್ಳಿ ಎಷ್ಟು ಸವೆದರೂ ಒಳಗೂ ಬೆಳ್ಳಿಯೇ.

ಅಯಸ್ಕಾಂತದ ಪರೀಕ್ಷೆಯನ್ನು ಜನ ಬಹಳ ನೆಚ್ಚಿಕೊಳ್ಳುತ್ತಾರೆ. ಅಂಟಿಕೊಂಡರೆ ಕಬ್ಬಿಣ, ಅಷ್ಟೇ. ಅಂಟದಿದ್ದರೆ ಏನೂ ತಿಳಿದಂತಾಗಲಿಲ್ಲ, ಏಕೆಂದರೆ ಜರ್ಮನ್ ಸಿಲ್ವರೂ ಹಿತ್ತಾಳೆಯೂ ಅಂಟುವುದಿಲ್ಲ. ಆಸಿಡ್ ಬಾಟಲಿಯನ್ನಂತೂ ಮನೆಗೆ ತರಬೇಡಿ, ಕಲೆ ಉಳಿಯುತ್ತದೆ. ಅದಕ್ಕಿಂತ ಒಳ್ಳೆಯದು ನೀರಿನ ತೂಕ.

ನೀರಿನಲ್ಲಿ ತೂಗುವುದು

0.1 ಗ್ರಾಂವರೆಗೆ ತೋರಿಸುವ, ಎರಡು ಕಿಲೋ ತಾಳುವ ಡಿಜಿಟಲ್ ತಕ್ಕಡಿ ಬೇಕು. ಮೊದಲು ಚಮಚವನ್ನು ಒಣದಾಗಿ ತೂಗಿ ಬರೆದುಕೊಳ್ಳಿ. ಆಮೇಲೆ ಬ್ರೆಡ್ ಇಡುವಂಥ ಉದ್ದನೆಯ ಪ್ಲಾಸ್ಟಿಕ್ ಡಬ್ಬದಲ್ಲಿ ನೀರು ತುಂಬಿ ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ. ಚಮಚದ ಎರಡು ಕಡೆ ಹೊಲಿಗೆ ದಾರ ಕಟ್ಟಿ, ತೊಟ್ಟಿಲಿನ ಹಾಗೆ ಅಡ್ಡ ಮಲಗಿಸಿ, ಪೂರ್ತಿ ಮುಳುಗುವಂತೆ ಇಳಿಬಿಡಿ. ತಳಕ್ಕೂ ಪಕ್ಕಕ್ಕೂ ತಾಗಬಾರದು. ಬಟ್ಟಲಿನ ಬಾಯಿ ಮೇಲಿರಲಿ, ಇಲ್ಲದಿದ್ದರೆ ಒಳಗೆ ಗಾಳಿ ಸಿಕ್ಕಿಕೊಂಡು ಲೆಕ್ಕ ಕೆಡುತ್ತದೆ. ಈಗ ತಕ್ಕಡಿ ತೋರಿಸುವುದು ಚಮಚ ಪಕ್ಕಕ್ಕೆ ಸರಿಸಿದ ನೀರಿನ ತೂಕ. ಒಣ ತೂಕವನ್ನು ಅದರಿಂದ ಭಾಗಿಸಿ.

ನಮ್ಮ ಲಂಡನ್ ಚಮಚ ಒಣದಾಗಿ 63.2 ಗ್ರಾಂ, ನೀರಿನಲ್ಲಿ 6.1. ಭಾಗಿಸಿದರೆ 10.36. ನೂರಕ್ಕೆ 92.5 ಬೆಳ್ಳಿ ಇರುವ ಸ್ಟರ್ಲಿಂಗಿನ ಸಾಂದ್ರತೆ ಅದೇ. ಐದರಲ್ಲಿ ಒಂದು 58.5 ಗ್ರಾಂ, ನೀರಿನಲ್ಲಿ 6.8, ಬಂದದ್ದು 8.6, ಜರ್ಮನ್ ಸಿಲ್ವರಿನ ಸಂಖ್ಯೆ. ಹತ್ತರ ಮೇಲೆ ಬಂದರೆ ಖುಷಿಪಡಿ, ಎಂಟು ಚಿಲ್ಲರೆ ಬಂದರೆ ಚಹಾಕ್ಕೆ ಸಕ್ಕರೆ ಕಲಕಿ. ಸಣ್ಣ ಚಹಾ ಚಮಚಗಳಿಗೆ ಮಾತ್ರ ಇದು ಅಷ್ಟು ನಿಖರವಲ್ಲ. ಹದಿನೈದು ಗ್ರಾಂ ಚಮಚದಲ್ಲಿ ತಕ್ಕಡಿಯ ಒಂದು ಅಂಕಿ ಆಚೀಚೆಯಾದರೂ ಉತ್ತರ ಜಾರುತ್ತದೆ. ಒಂದೇ ಜೋಡಿಯ ಆರನ್ನು ಒಟ್ಟಿಗೆ ಕಟ್ಟಿ ಮುಳುಗಿಸಿ.

ಸಿಂಹ, ಚಿರತೆ, ಅಕ್ಷರ, ತಲೆ

ಇಂಗ್ಲೆಂಡಿನ ಪದ್ಧತಿ ಒಂದು ಜಾತಕದ ಹಾಗೆ. ಒಂದೊಂದು ಮನೆಯಲ್ಲಿ ಒಂದೊಂದು ಗ್ರಹ ಕೂತಿರುತ್ತದೆ, ಎಲ್ಲವನ್ನೂ ಕೂಡಿಸಿ ಓದಬೇಕು.

ನಡೆಯುತ್ತಿರುವ ಸಿಂಹ, ಮುಂಗಾಲು ಎತ್ತಿದ್ದು, ಕಂಡರೆ ಸ್ಟರ್ಲಿಂಗ್ ಬೆಳ್ಳಿ ಎಂದರ್ಥ. 1544ರಿಂದ ಬಳಕೆಯಲ್ಲಿದೆ. ಎರಡನೆಯದು ಪರೀಕ್ಷೆ ಮಾಡಿದ ಊರು. ಲಂಡನ್ನಿಗೆ ಚಿರತೆಯ ಮುಖ. ಸವೆದಾಗ ಅದು ಥೇಟ್ ಬೆಕ್ಕು, ನಮ್ಮಮ್ಮ ಈಗಲೂ ಅದನ್ನು ಬೆಕ್ಕಿನ ಚಮಚ ಎಂದೇ ಕರೆಯುವುದು. ಬರ್ಮಿಂಗ್‌ಹ್ಯಾಮಿಗೆ ಲಂಗರು, ಶೆಫೀಲ್ಡಿಗೆ 1974ರವರೆಗೆ ಕಿರೀಟ. ಎರಡೂ ಊರುಗಳಿಗೆ ಮುದ್ರೆ ಹಾಕುವ ಅಧಿಕಾರ ಸಿಕ್ಕಿದ್ದು 1773ರಲ್ಲಿ. ಸಮುದ್ರವನ್ನೇ ಕಾಣದ ಬರ್ಮಿಂಗ್‌ಹ್ಯಾಮಿಗೆ ಲಂಗರು ಯಾಕೆ ಎಂದು ಕೇಳಿದರೆ, ಲಂಡನ್ನಿನ "ಕ್ರೌನ್ ಅಂಡ್ ಆಂಕರ್" ಎಂಬ ಹೋಟೆಲಿನ ಹೆಸರನ್ನು ಎರಡು ಊರಿನವರು ಹಂಚಿಕೊಂಡರು ಎಂಬ ಕಥೆ ಹೇಳುತ್ತಾರೆ. ಎಡಿನ್‌ಬರೋಗೆ ಕೋಟೆ. ಡಬ್ಲಿನ್ನಿಗೆ ಕಿರೀಟ ಹೊತ್ತ ತಂತಿವಾದ್ಯ. ಗ್ಲಾಸ್ಗೋದ ಮುದ್ರೆಯಲ್ಲಿ ಮರ, ಹಕ್ಕಿ, ಗಂಟೆ, ಮೀನು ಎಲ್ಲ ಒಟ್ಟಿಗೆ.

ಮೂರನೆಯದು ಇಂಗ್ಲಿಷ್ ವರ್ಣಮಾಲೆಯ ಒಂದು ಅಕ್ಷರ, ಅದು ವರ್ಷ. ನಾಲ್ಕನೆಯದು ರಾಜ ಅಥವಾ ರಾಣಿಯ ತಲೆ: ಬೆಳ್ಳಿಯ ಮೇಲಿನ ಸುಂಕ ಕಟ್ಟಲಾಗಿದೆ ಎಂಬ ರಸೀದಿ. ಇದು 1784ರಿಂದ 1890ರವರೆಗೆ ಮಾತ್ರ ಇತ್ತು. ಹೀಗಾಗಿ ತಲೆ ಕಂಡಿತೆಂದರೆ ನೂರು ವರ್ಷದ ಒಂದು ಕಿಂಡಿ ಸಿಕ್ಕ ಹಾಗೆ. ಐದನೆಯದು ತಯಾರಕರ ಹೆಸರಿನ ಮೊದಲಕ್ಷರಗಳು. 1761ರಲ್ಲಿ ಲಂಡನ್ನಿನಲ್ಲಿ ತನ್ನ ಮುದ್ರೆ ನೋಂದಾಯಿಸಿದ ವಿಧವೆ ಹೆಸ್ಟರ್ ಬೇಟ್‌ಮನ್‌ಳ "ಎಚ್.ಬಿ." ಇದ್ದರೆ ಸಂಗ್ರಾಹಕರು ಕುರ್ಚಿ ಎಳೆದುಕೊಂಡು ಕೂರುತ್ತಾರೆ. ಆದರೆ ಎರಡಕ್ಷರ ಹೊಂದಿದ ಮಾತ್ರಕ್ಕೆ ಅವಳೇ ಎಂದುಕೊಳ್ಳಬೇಡಿ. ಅದೇ ಮೊದಲಕ್ಷರದವರು ಬೇರೆಯವರೂ ಇರಬಹುದು, ಅಕ್ಷರದ ರೂಪವನ್ನೂ ಚೌಕಟ್ಟನ್ನೂ ಹೋಲಿಸಲೇಬೇಕು.

ನಿಜವಾದ ಕಸರತ್ತು ಇರುವುದು ವರ್ಷದ ಅಕ್ಷರದಲ್ಲಿ. ಲಂಡನ್ನಿನವರು ಎ-ಯಿಂದ ಯು-ವರೆಗೆ, ಜೆ ಬಿಟ್ಟು, ಇಪ್ಪತ್ತು ಅಕ್ಷರ ಬಳಸುತ್ತಿದ್ದರು. ಇಪ್ಪತ್ತು ವರ್ಷ ಮುಗಿದ ಮೇಲೆ ಮತ್ತೆ ಎ, ಬೇರೆ ರೂಪದಲ್ಲಿ. ನಮ್ಮ ಅರವತ್ತು ಸಂವತ್ಸರಗಳು ಮರಳಿ ಬರುವ ಹಾಗೆಯೇ. ಬರೀ ಅಕ್ಷರ ಗೊತ್ತಾದರೆ ಸಾಲದು, ಯಾವ ಸುತ್ತು ಎಂಬುದೂ ಗೊತ್ತಾಗಬೇಕು.

ನನ್ನ ಟೇಪಿನ ಮೇಲೆ ಎದ್ದದ್ದು ದೊಡ್ಡ ರೋಮನ್ "ಎಂ". ದೊಡ್ಡ ರೋಮನ್ ಅಕ್ಷರಗಳು ಲಂಡನ್ನಿನಲ್ಲಿ 1796ರಿಂದ ಒಂದು ಸುತ್ತು ಬಂದವು, 1876ರಿಂದ ಇನ್ನೊಂದು ಸುತ್ತು. ಅಂದರೆ ಈ ಎಂ 1807 ಇರಬಹುದು, 1887ಊ ಇರಬಹುದು. ಎಂಬತ್ತು ವರ್ಷದ ಅಂತರ! ಪಕ್ಕದ ಮುದ್ರೆಗಳನ್ನು ಸಾಕ್ಷಿಗೆ ಕರೆದೆ. ಚಿರತೆಯ ತಲೆಯ ಮೇಲೆ, ಯಕ್ಷಗಾನದ ಪುಟ್ಟ ಕಿರೀಟದಂತೆ, ಏನೋ ಇತ್ತು. ಲಂಡನ್ನಿನ ಚಿರತೆ ಕಿರೀಟ ಕಳಚಿದ್ದು 1821ರಲ್ಲಿ. ಸಿಂಹ ಮುಖ ತಿರುಗಿಸಿ ನಮ್ಮನ್ನೇ ನೋಡುತ್ತಿತ್ತು. ಆ ಅಭ್ಯಾಸವನ್ನೂ ಲಂಡನ್ನಿನ ಸಿಂಹ ಅದೇ ಹೊತ್ತಿಗೆ ಬಿಟ್ಟು ನೇರ ಮುಂದೆ ನೋಡಲು ಶುರು ಮಾಡಿತು. ಕೊನೆಗೆ ತಲೆ: ಬಲಕ್ಕೆ ಮುಖ ಮಾಡಿದ ಗಂಡಸು, ಮೂರನೇ ಜಾರ್ಜ್. 1887 ಆಗಿದ್ದರೆ ಎಡಕ್ಕೆ ನೋಡುವ ವಿಕ್ಟೋರಿಯಾ ರಾಣಿ ಇರಬೇಕಿತ್ತು. ಮೂರೂ ಸಾಕ್ಷಿ ಒಂದೇ ಮಾತು ಹೇಳಿದವು. ಅಕ್ಷರ ಬದಲಾಗುತ್ತಿದ್ದದ್ದು ಮೇ ತಿಂಗಳಲ್ಲಿ, ಹಾಗಾಗಿ ಇದು 1807-08.

ಆಕಾರವೂ ಅದೇ ಕಾಲ ಹೇಳಬೇಕು

ಮುದ್ರೆ ನೋಡಿ ತೀರ್ಮಾನಕ್ಕೆ ಬರುವ ಮುಂಚೆ ಚಮಚವನ್ನು ಪಕ್ಕದಿಂದ ನೋಡಿ. ಹಿಡಿಯ ತುದಿ ಮೇಲಕ್ಕೆ, ಬಟ್ಟಲಿನ ಬಾಯಿಯ ಕಡೆಗೆ ಬಾಗಿದೆಯೇ? ಅದು ಹ್ಯಾನೋವೇರಿಯನ್, 1710ರ ಸುಮಾರಿನಿಂದ 1770ರವರೆಗಿನ ಶೈಲಿ. ಅದರಲ್ಲೂ ಮೊದಮೊದಲಿನವುಗಳಲ್ಲಿ ಬಟ್ಟಲಿನ ಬೆನ್ನಿನ ಮೇಲೆ ಇಲಿಬಾಲದಂಥ ಒಂದು ಏಣು ಇಳಿದಿರುತ್ತದೆ. ತುದಿ ಕೆಳಕ್ಕೆ ಬಾಗಿದ್ದರೆ ಓಲ್ಡ್ ಇಂಗ್ಲಿಷ್, 1760ರ ದಶಕದಿಂದ ಈಚೆಗೆ.

ತುದಿ ಬಾಗುವ ದಿಕ್ಕು ಬದಲಾದದ್ದು ಬರೀ ಚಂದಕ್ಕಲ್ಲ. ಮೊದಲು ಊಟದ ಮೇಜಿನ ಮೇಲೆ ಚಮಚವನ್ನು ಬೋರಲಾಗಿ ಇಡುತ್ತಿದ್ದರು. ಆದ್ದರಿಂದ ಮನೆತನದ ಲಾಂಛನವನ್ನೋ ಹೆಸರಿನ ಅಕ್ಷರವನ್ನೋ ಬೆನ್ನಿನ ಮೇಲೆ ಕೆತ್ತಿಸುತ್ತಿದ್ದರು. ಅಂಗಾತ ಇಡುವ ಪದ್ಧತಿ ಬಂದ ಮೇಲೆ ಕೆತ್ತನೆ ಮುಂಬದಿಗೆ ಬಂತು. ಹ್ಯಾನೋವೇರಿಯನ್ ಚಮಚದ ಮುಂಬದಿಯಲ್ಲಿ ಕೆತ್ತನೆ ಇದ್ದರೆ ಆಮೇಲೆ ಯಾರೋ ಸೇರಿಸಿದ್ದಾರೆ ಎಂಬ ಅನುಮಾನ ಇಟ್ಟುಕೊಳ್ಳಿ.

ಹಿಡಿಯ ತುದಿ ಪಿಟೀಲಿನ ಹೆಗಲಿನಂತೆ ಅಗಲವಾಗಿದ್ದರೆ ಫಿಡಲ್, ಹತ್ತೊಂಬತ್ತನೇ ಶತಮಾನದ ಅತಿ ಸಾಮಾನ್ಯ ಮಾದರಿ. ಅದೇ ರೂಪದ ಮೇಲೆ ಚಿಪ್ಪು, ಎಲೆಗಳ ಉಬ್ಬು ಚಿತ್ತಾರವಿದ್ದರೆ ಕಿಂಗ್ಸ್ ಪ್ಯಾಟರ್ನ್. ಹಳೆ ಮಾದರಿಗಳನ್ನು ನಂತರವೂ, ಇವತ್ತೂ, ಮಾಡುತ್ತಾರೆ. ಹೀಗಾಗಿ ಆಕಾರ ಹೇಳುವುದು "ಇದಕ್ಕಿಂತ ಹಿಂದಿನದಲ್ಲ" ಎಂಬಷ್ಟನ್ನೇ. 1750ರ ಮುದ್ರೆ ಹೊತ್ತ ಕಿಂಗ್ಸ್ ಪ್ಯಾಟರ್ನ್ ಯಾರಾದರೂ ತೋರಿಸಿದರೆ ನಮಸ್ಕಾರ ಹೇಳಿ ಹೊರಡಿ.

ಬೇರೆ ಊರಿನ ಗುರುತುಗಳು

ಗೋವೆಯಲ್ಲಿ ಲೆಕ್ಕವೇ ಬೇರೆ. ಮಡಗಾಂವದ ಕಡೆ ನಂಟರಿರುವವರು ಹಳೆ ಮನೆಗಳಲ್ಲಿ ಸಿಂಹ ಹುಡುಕಿ ನಿರಾಸೆಪಡಬೇಡಿ, ಹಂದಿ ಹುಡುಕಿ. ಪೋರ್ಚುಗಲ್ಲಿನ ಬೆಳ್ಳಿಗೆ 1887ರಿಂದ 1937ರವರೆಗೆ ಕಾಡುಹಂದಿಯ ತಲೆಯ ಮುದ್ರೆ, 1938ರಿಂದ ಹದ್ದು. ಹದ್ದಿನ ಜೊತೆ 833 ಅಥವಾ 916 ಎಂಬ ಸಂಖ್ಯೆ ಇರುತ್ತದೆ. 833 ಎಂದರೆ ಸಾವಿರಕ್ಕೆ 833 ಪಾಲು ಬೆಳ್ಳಿ. ಸ್ಟರ್ಲಿಂಗಿಗಿಂತ ಕಡಿಮೆ, ಹಾಗೆಂದು ನಕಲಿಯಲ್ಲ. ಜರ್ಮನಿಯದು 1888ರಿಂದ ಅರ್ಧಚಂದ್ರ, ಕಿರೀಟ ಮತ್ತು ಸಾಮಾನ್ಯವಾಗಿ 800. ಫ್ರಾನ್ಸಿನದು 1838ರಿಂದ ಶಿರಸ್ತ್ರಾಣ ಧರಿಸಿದ ದೇವತೆಯ ತಲೆ. ಹಳೆ ರಷ್ಯಾದ 84 ಎಂದರೆ 875. ಅಮೆರಿಕದವರು ಚಿತ್ರದ ಗೊಡವೆಗೆ ಹೋಗದೆ "ಸ್ಟರ್ಲಿಂಗ್" ಎಂದು ಬರೆದುಬಿಡುತ್ತಾರೆ.

ಬ್ರಿಟಿಷರ ಕಾಲದ ನಮ್ಮ ದೇಶದ ಬೆಳ್ಳಿಗೆ ಕಡ್ಡಾಯ ಸರ್ಕಾರಿ ಮುದ್ರೆ ಇರಲಿಲ್ಲ. ಅಂಗಡಿಯವರು ತಮ್ಮ ಹೆಸರನ್ನಷ್ಟೇ ಒತ್ತುತ್ತಿದ್ದರು: ಕಲ್ಕತ್ತೆಯ ಹ್ಯಾಮಿಲ್ಟನ್, ಮದರಾಸಿನ ಪಿ. ಓರ್ ಅಂಡ್ ಸನ್ಸ್ ಹೀಗೆ. ಮುಂಬಯಿಯಲ್ಲಿ ನೀವು ಕಣ್ಣಿಟ್ಟು ನೋಡಬೇಕಾದದ್ದು ಕಚ್ಛದ ಬೆಳ್ಳಿ. ಮೈತುಂಬ ಬಳ್ಳಿ, ಹೂವು, ನಡುವೆ ಪ್ರಾಣಿಗಳು, ಬೆರಳಿಗೆ ತಗಲುವಷ್ಟು ಎತ್ತರದ ಉಬ್ಬು ಕೆಲಸ. ಅದರ ಮೇಲೆ "ಓ.ಎಂ. ಭುಜ್" ಎಂದಿದ್ದರೆ ಅದು ಊಮರ್ಸಿ ಮಾವಜಿಯ ಕಾರ್ಖಾನೆಯ ಮುದ್ರೆ. ಅದನ್ನು ತೂಕಕ್ಕೆ ಕೊಡುವುದು ಪಾಪ. ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ತ್ರಿಕೋನ ಇದ್ದರೆ ಚಮಚ ಈ ಶತಮಾನದ್ದು, ಬೆಳ್ಳಿಗೆ ಆ ಮುದ್ರೆಯ ಯೋಜನೆ ಬಂದದ್ದೇ 2005ರಲ್ಲಿ. ನಮ್ಮ ಅಜ್ಜಂದಿರ ಉದ್ಧರಣೆ, ಮಗುವಿಗೆ ಹಾಲು ಕುಡಿಸುವ ಒಳಲೆ ಇವುಗಳ ಮೇಲೆ ಏನೂ ಇಲ್ಲದಿದ್ದರೆ ಗಾಬರಿ ಬೇಡ. ಊರ ಅಕ್ಕಸಾಲಿಗ ಮುದ್ರೆ ಹಾಕುವವನಲ್ಲ, ಅವನ ಮಾತೇ ಮುದ್ರೆ.

ಕೊಳ್ಳಲು ಹೋದಾಗ

ಚೋರ್ ಬಜಾರಿನ ಮಟನ್ ಸ್ಟ್ರೀಟಿನ ಹಳೆ ಸಾಮಾನಿನ ಅಂಗಡಿಗಳಿಗೆ ಶುಕ್ರವಾರ ರಜೆ, ಬೇರೆ ದಿನ ಹೋಗಿ. "ಪ್ಯೂರ್ ಚಾಂದಿ, ಸೇಠ್" ಎಂಬ ಮಾತಿಗೆ ತಲೆಯಾಡಿಸುತ್ತ ಚಮಚ ಮಗುಚಿ. ಆರರ ಜೋಡಿ ಸಿಕ್ಕರೆ ಆರನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿ. ಒಂದೊಂದೇ ಅಚ್ಚನ್ನು ಕೈಯಲ್ಲಿ ಹಿಡಿದು ಸುತ್ತಿಗೆಯಿಂದ ಹೊಡೆದ ಮುದ್ರೆಗಳು ಚೂರು ಓರೆ, ಚೂರು ಹಿಂದೆ ಮುಂದೆ ಇರುತ್ತವೆ. ಆರರಲ್ಲೂ ಅದೇ ಓರೆ, ಅದೇ ಗೀರು, ಅಂಚು ಕರಗಿದ ಬೆಣ್ಣೆಯಂತೆ ಮೊಂಡು ಎಂದಾದರೆ ಒಂದು ಅಸಲಿಯಿಂದ ಎರಕ ಹೊಯ್ದ ನಕಲುಗಳು ಅವು.

ಬಟ್ಟಲಿನೊಳಗೆ ಹಣ್ಣುಗಳ ಉಬ್ಬು ಚಿತ್ತಾರ, ಚಿನ್ನದ ಲೇಪ ಇರುವ ಚಮಚಗಳನ್ನು ಬಹಳ ಹೊಗಳಿ ಮಾರುತ್ತಾರೆ. ಅವುಗಳಲ್ಲಿ ಹೆಚ್ಚಿನವು ಜಾರ್ಜ್ ರಾಜರ ಕಾಲದ ಸಾದಾ ಚಮಚಗಳು, ವಿಕ್ಟೋರಿಯಾ ಕಾಲದಲ್ಲಿ ಅಲಂಕಾರ ಮಾಡಿಸಿಕೊಂಡವು. ನೋಡಲು ಚಂದ, ಆದರೆ ನನಗೆ ಹಳೆ ಸೀರೆಗೆ ಹೊಸ ಜರಿ ಹೊಲಿದ ಹಾಗೆ ಕಾಣುತ್ತದೆ. ಹೆಸರು ಅಳಿಸಿದ ಜಾಗವನ್ನು ಬೆರಳಲ್ಲಿ ಒತ್ತಿ ನೋಡಿ, ಅಲ್ಲಿ ಹಿಡಿ ತೆಳುವಾಗಿರುತ್ತದೆ. ಬಟ್ಟಲಿನ ತುದಿ ಒಂದು ಪಕ್ಕಕ್ಕೆ ಸವೆದಿದ್ದರೆ ಅದನ್ನು ದೋಷವೆನ್ನಲು ನನಗೆ ಮನಸ್ಸು ಬರುವುದಿಲ್ಲ. ಬಲಗೈಯವರೊಬ್ಬರು ಜೀವನವಿಡೀ ಅದೇ ಚಮಚದಲ್ಲಿ ಪಾತ್ರೆಯ ತಳ ಕೆರೆದಿದ್ದಾರೆ. ಬೆಲೆ ಮಾತ್ರ ಇಳಿಯುತ್ತದೆ.

ಕೊಡುವ ಮುನ್ನ, ಕಳಿಸುವ ಮುನ್ನ

ಕರಗಿಸುವ ಅಂಗಡಿಗೂ ಹಳೆ ವಸ್ತು ಕೊಳ್ಳುವ ಅಂಗಡಿಗೂ ಒಂದೇ ದಿನ ಹೋಗಬೇಡಿ. ಮೊದಲು ಮುದ್ರೆಯ ಫೋಟೋ, ತೂಕ, ಉದ್ದ, ಟೇಪಿನ ಹಾಳೆ ಇಷ್ಟನ್ನೂ ಮನೆಯಲ್ಲೇ ಮಾಡಿಟ್ಟುಕೊಳ್ಳಿ. ಅಂಗಡಿಯಾತ "ಟಂಚ್ ಕಮ್" ಎಂದಾಗ ನೀವು ಹಾಳೆ ತೋರಿಸಿ "ಇದು 925 ಅಲ್ಲವೇ" ಎಂದರೆ ಮಾತಿನ ಧಾಟಿ ಬದಲಾಗುವುದನ್ನು ನಾನು ಕಂಡಿದ್ದೇನೆ.

ಅಮೆರಿಕದಲ್ಲಿರುವ ಮಗಳಿಗೋ ದುಬೈಯ ತಮ್ಮನಿಗೋ ಉಡುಗೊರೆಯಾಗಿ ಕಳಿಸುವ ಆಸೆ ಇದ್ದರೆ ಚಮಚದ ವಯಸ್ಸನ್ನು ನೋಡಿಕೊಳ್ಳಿ. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಪ್ರಾಚ್ಯವಸ್ತುಗಳನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಬ್ಯಾಗಿನಲ್ಲಿ ಹಾಕಿಕೊಂಡು ವಿಮಾನ ನಿಲ್ದಾಣಕ್ಕೆ ಹೋಗುವ ಮೊದಲೇ ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯಲ್ಲಿ ವಿಚಾರಿಸಿ. ನಮ್ಮ ಎಂ ಚಮಚ ಮಾಟುಂಗದಲ್ಲೇ ಉಳಿದಿದೆ. ಕಳೆದ ವರ್ಷ ಮೊಮ್ಮಗನ ಅನ್ನಪ್ರಾಶನಕ್ಕೆ ಮಗಳೇ ಇಲ್ಲಿಗೆ ಬಂದಳು.

ಇಡುವ ಬಗೆ: ಉಪ್ಪು ತಾಗಿದರೆ ತೊಳೆದು ಒರೆಸಿ, ಇಲ್ಲದಿದ್ದರೆ ಬೆಳ್ಳಿಯಲ್ಲಿ ಸಣ್ಣ ಕುಳಿಗಳು ಬೀಳುತ್ತವೆ. ಪೇಪರಿನಲ್ಲಿ ಸುತ್ತಬೇಡಿ, ಹತ್ತಿ ಬಟ್ಟೆಯಲ್ಲಿ ಸುತ್ತಿ. ರಬ್ಬರ್ ಬ್ಯಾಂಡ್ ಹಾಕಲೇಬೇಡಿ. ರಬ್ಬರಿನಲ್ಲಿರುವ ಗಂಧಕ ಬೆಳ್ಳಿಯನ್ನು ಕಪ್ಪು ಮಾಡುತ್ತದೆ. ಬಿಸ್ಕತ್ತಿನ ಡಬ್ಬದಲ್ಲಿ ಕಳೆದ ಆ ವರ್ಷಗಳ ಕಪ್ಪು ಉಂಗುರ ನಮ್ಮ ಚಮಚದ ಹಿಡಿಯ ಮೇಲೆ ಮುದ್ರೆಗಳ ಸ್ವಲ್ಪ ಕೆಳಗೆ ಇನ್ನೂ ಇದೆ.